ಮೊದಲ ಹದಿನೈದು ನಿಮಿಷ

ಪರರ ಬಾಟಲಿಯಿಂದ ನೀರು ಕುಡಿಯುವುದು ಮಹಾಪರಾಧವೇನಲ್ಲ. ಆದರೆ ಆ ನೀರು ನಗರಸಭೆಯ ವಿರುದ್ಧ ಸಾಕ್ಷಿ ನುಡಿಯಲು ಬಂದು ಕುಳಿತಿದ್ದರೆ ಸಂಗತಿ ತುಸು ಗಂಭೀರವಾಗುತ್ತದೆ. ಹದಿನೇಳು ವರ್ಷಗಳಿಂದ ನಾನು ಸಕುಟುಂಬನಾಗಿ ವಾಸವಾಗಿರುವ ಮನೆಯನ್ನು ನಗರಸಭೆಯ ದಾಖಲೆಯಲ್ಲಿ ಯಾರೋ ಪುಣ್ಯಾತ್ಮರು ‘ಖಾಲಿ ನಿವೇಶನ’ ಎಂದು ನಮೂದಿಸಿದ್ದರು. ಅದನ್ನು ತಿದ್ದಿಸಲು ಹೋದವನು ಬೆಂಚಿನ ಮೇಲೆ ಒಂದೂವರೆ ಗಂಟೆ ಕುಳಿತು, ಗಾಳಿ ಬೀಸದೆ ಕೇವಲ ತಿರುಗುವ ಫ್ಯಾನಿನ ಕೆಳಗೆ ಬೆವತು, ದಾಖಲೆಯೇ ಸರಿಯಿದ್ದು ನಾನೇ ಇಲ್ಲವೇನೋ ಎಂಬ ಅನುಮಾನದ ಅಂಚಿಗೆ ಬಂದಿದ್ದೆ. ಬಾಯಾರಿತ್ತು. ಮನೆಯಲ್ಲಿ ಪ್ಲಾಸ್ಟಿಕ್ ನಿಷೇಧವಾದಂದಿನಿಂದ ನನ್ನ ನೀರು ಹಣ್ಣಿನ ರಸದ ಹಳೆಯ ಗಾಜಿನ ಬಾಟಲಿಯಲ್ಲಿ, ಬಟ್ಟೆಯ ಚೀಲದೊಳಗೆ ಪ್ರಯಾಣಿಸುತ್ತದೆ. ಕಣ್ಣನ್ನು ಗೋಡೆ ಗಡಿಯಾರದ ಮೇಲಿಟ್ಟು, ಕೈಯನ್ನು ಪಕ್ಕದ ಚೀಲದೊಳಗಿಟ್ಟು, ಸಿಕ್ಕ ಬಾಟಲಿಯ ಮುಚ್ಚಳ ತಿರುವಿ ಅರ್ಧದಷ್ಟನ್ನು ಗಟಗಟನೆ ಇಳಿಸಿದೆ. ರುಚಿ ಬಾಲ್ಯದಲ್ಲಿ ನೆಕ್ಕಿ ಒರೆಸುತ್ತಿದ್ದ ಸ್ಲೇಟಿನದು. ನೋಡಿದರೆ ನನ್ನ ಚೀಲ ಬಲಕ್ಕಿತ್ತು. ನಾನು ಕೈ ಹಾಕಿದ್ದು ಎಡಕ್ಕೆ.

ಎಡಕ್ಕೆ ಕುಳಿತಿದ್ದ ಕೃಶಕಾಯದ ವೃದ್ಧರೊಬ್ಬರು ನನ್ನ ಕೈಯಿಂದ ಬಾಟಲಿಯನ್ನು ಮೆಲ್ಲಗೆ ಬಿಡಿಸಿಕೊಂಡು, ಕನ್ನಡಕವನ್ನು ಹಣೆಗೇರಿಸಿ, ಅದರ ಮೇಲಂಟಿಸಿದ್ದ ಚೀಟಿಯನ್ನು ಓದಿದರು. ಮುಖದಲ್ಲಿ ಕೋಪವಾಗಲಿ ಗಾಬರಿಯಾಗಲಿ ಇರಲಿಲ್ಲ.

“ಏಳನೇದು,” ಎಂದರು.

“ಏನು ಏಳನೇದು?”

“ನೀವು ಕುಡಿದದ್ದು. ಮೋರಿಗಿಂತ ಮೇಲಿನ ಹಳ್ಳದ ನೀರು. ಏನೂ ಆಗಲ್ಲ ಅಂತ ಕಾಣುತ್ತೆ. ಎಂಟನೇದಾಗಿದ್ದಿದ್ರೆ ನಾನೂ ನಿಮ್ಮ ಜೊತೆ ಬರಬೇಕಾಗ್ತಿತ್ತು.”

“ಎಲ್ಲಿಗೆ?”

“ಆಸ್ಪತ್ರೆಗೆ.”

ಅನಂತರ ಎದೆಯ ಜೇಬಿನಿಂದ ಪುಟ್ಟ ನೋಟ್‌ಬುಕ್ ತೆಗೆದು, ಪೆನ್ಸಿಲ್ಲಿನ ತುದಿಯನ್ನು ಪರೀಕ್ಷಿಸಿ, ದುಂಡಗಿನ ಅಕ್ಷರದಲ್ಲಿ ಹೀಗೆ ಬರೆದರು: ‘ನಂ. ೭. ಅರ್ಧ ಖಾಲಿ. ಕಾರಣ: ಪಕ್ಕದವರು ಕುಡಿದರು. ಬೆಳಿಗ್ಗೆ ೧೧-೪೦.’ ನನ್ನ ಸಹಿ ಕೇಳಿದರು. ಪುಸ್ತಕಗಳ ಮೇಲೆ ಸಹಿ ಹಾಕುವ ಸಂದರ್ಭ ನನಗೆ ಆಗಾಗ, ಅಂದರೆ ಎರಡು ಸಲ, ಬಂದದ್ದುಂಟು. ಅಂದು ಹಾಕಿದಷ್ಟು ವಿಧೇಯತೆಯಿಂದ ಎಂದೂ ಹಾಕಿಲ್ಲ. ಅಷ್ಟರಲ್ಲಿ ಒಳಗಿನಿಂದ ಅವರ ಕರೆ ಬಂತು. ಎರಡೇ ನಿಮಿಷದಲ್ಲಿ ಹೊರಬಂದರು. ವಿಚಾರಣೆಯನ್ನು ಮುಂದೂಡಿಸಿಕೊಂಡು ಬಂದಿದ್ದರು. ಏಳು ಮತ್ತು ಎಂಟು ಒಂದೇ ಮಳೆಯ ಜೋಡಿಯಂತೆ. ಒಂದಕ್ಕೆ ಬಾಯಿ ತಗುಲಿದ ಮೇಲೆ ಇನ್ನೊಂದನ್ನು ತೋರಿಸುವ ಹಾಗಿಲ್ಲವಂತೆ. “ಒಂದನ್ನೇ ತೋರಿಸಿದ್ರೆ ಅದು ಬರೀ ದೂರು,” ಎಂದರು, ಮುಚ್ಚಳ ಬಿಗಿಮಾಡುತ್ತ. ಎರಡು ತಿಂಗಳು ಅಲೆದು ಪಡೆದ ವಿಚಾರಣೆ ಅದು ಎಂಬುದು ನನಗೆ ಆಮೇಲೆ ತಿಳಿಯಿತು, ಅದೂ ಅವರ ಬಾಯಿಂದಲ್ಲ. ಆ ಪಾಪಪ್ರಜ್ಞೆಯ ಬಾಲ ಹಿಡಿದೇ ನಾನು ಅವರ ಹಿಂದೆ ಹೊರಟದ್ದು.

ಕಾಲೇಜಿನ ರಸಾಯನಶಾಸ್ತ್ರದ ಪ್ರಯೋಗಾಲಯದಲ್ಲಿ ಮೂವತ್ತೊಂದು ವರ್ಷ ಅಟೆಂಡರ್ ಆಗಿ ದುಡಿದು ನಿವೃತ್ತರಾದ ಅವರನ್ನು ಊರು ಇಂದಿಗೂ ‘ಅಟೆಂಡರು’ ಎಂದೇ ಕರೆಯುತ್ತದೆ. ಗೌರವದ ಭರದಲ್ಲಿ ಯಾರಾದರೂ ‘ಮೇಷ್ಟ್ರೇ’ ಎಂದರೆ ನಿಂತು, ತಿದ್ದಿ, ಮುಂದೆ ಹೋಗುತ್ತಾರೆ. ಅವರ ನಡಿಗೆಯನ್ನು ಒಮ್ಮೆ ಕಂಡವರು ಮರೆಯಲಾರರು. ಎರಡೂ ಮೊಣಕೈಗಳನ್ನು ಪಕ್ಕೆಗೊತ್ತಿ, ಅಂಗೈಗಳನ್ನು ಹೊಟ್ಟೆಯ ಮಟ್ಟಕ್ಕೆ ತುಸು ಮುಂದೆ ಹಿಡಿದು, ಕತ್ತನ್ನು ಕಿಂಚಿತ್ತೂ ಅಲುಗಿಸದೆ, ಕಂಠಮಟ್ಟ ತುಂಬಿದ ಬೀಕರುಗಳ ಟ್ರೇ ಹೊತ್ತವರಂತೆ ಅವರು ನಡೆಯುತ್ತಾರೆ. ಬರಿಗೈಯಲ್ಲಿ ತರಕಾರಿ ತರಲು ಹೊರಟಾಗಲೂ ಅದೇ ನಡಿಗೆ. ಎದುರಿಗೆ ಬಂದವರು ತಮಗರಿವಿಲ್ಲದೆ ಪಕ್ಕಕ್ಕೆ ಸರಿದು, ಎಲ್ಲಿ ಚೆಲ್ಲಿಬಿಡುತ್ತದೋ ಎಂಬಂತೆ ಉಸಿರು ಹಿಡಿದು ದಾರಿ ಬಿಡುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಮೈಮೇಲೆ ಸದಾ ಅದೇ ಖಾಕಿ ಕೋಟು. ಅದರ ತುಂಬ ಕಿರುತೂತುಗಳು. ನಿವೃತ್ತ ಸೈನಿಕರು ಪದಕಗಳನ್ನು ವಿವರಿಸುವಂತೆ ಅವರು ಆ ತೂತುಗಳನ್ನು ವಿವರಿಸಬಲ್ಲರು: ತೋಳಿನದು ನೈಟ್ರಿಕ್ ಆಮ್ಲ, ಅವಸರದ ಹುಡುಗಿಯೊಬ್ಬಳ ಕೊಡುಗೆ, ಜೇಬಿನ ಕೆಳಗಿನದು ಸಲ್ಫ್ಯೂರಿಕ್, ಕೊಟ್ಟವರು ಸ್ವತಃ ಪ್ರೊಫೆಸರು. ಮಾತು ಕಡಮೆ. ಆಡಿದ ಮೇಲೆ “ಕಂಡಷ್ಟು ಹೇಳ್ದೆ” ಎಂಬ ಬಾಲವೊಂದು ಇರುತ್ತದೆ. ಹವಾಮಾನ, ಹಲ್ಲುನೋವು, ರಾಜಕಾರಣ, ಯಾವ ವಿಷಯಕ್ಕೂ ಅದೇ ಬಾಲ.

ಅವರು ಕಂಡದ್ದೇನೆಂಬುದನ್ನು ಇಲ್ಲಿ ಹೇಳಿಬಿಡಬೇಕು. ಊರಿನ ಕೆಳಭಾಗದಲ್ಲಿ ಒಂದು ಹಳ್ಳ ಹರಿಯುತ್ತದೆ. ಅದರ ಪಕ್ಕದಲ್ಲೇ ಗ್ಯಾರೇಜ್ ಬೀದಿ. ನಲವತ್ತು ಚಿಲ್ಲರೆ ಮೆಕ್ಯಾನಿಕ್ಕುಗಳು, ಎರಡು ಬಣ್ಣ ಹೊಡೆಯುವ ಅಂಗಡಿ, ಒಂದು ಬ್ಯಾಟರಿ ಅಂಗಡಿ ಇರುವ ಆ ಬೀದಿಯಲ್ಲಿ ತಿಂಗಳುಗಟ್ಟಲೆ ಸೋರಿದ ಎಣ್ಣೆ, ಗ್ರೀಸು, ಬಣ್ಣದ ಚೂರು, ಟೈರಿನ ಪುಡಿ ಎಲ್ಲವೂ ನೆಲಕ್ಕಂಟಿ ಮಳೆಗಾಗಿ ಕಾಯುತ್ತಿರುತ್ತವೆ. ಮಳೆ ಬಿದ್ದೊಡನೆ ಅದೆಲ್ಲ ಎದ್ದು, ಬೀದಿಬದಿಯ ಮಳೆನೀರಿನ ಮೋರಿ ಸೇರಿ, ಸೇತುವೆಯ ಬುಡದಲ್ಲಿ ಹಳ್ಳಕ್ಕೆ ಬೀಳುತ್ತದೆ. ‘ಅದು ಕೊಳಚೆ ಮೋರಿಯಲ್ಲ, ಮಳೆನೀರಿನ ಮೋರಿ, ಮಳೆ ಆಕಾಶದಿಂದ ಬರುತ್ತದೆ, ಆಕಾಶ ನಮ್ಮ ವ್ಯಾಪ್ತಿಗೆ ಬರುವುದಿಲ್ಲ’ ಎಂಬುದು ನಗರಸಭೆಯ ಲಿಖಿತ ಉತ್ತರದ ಸಾರಾಂಶ.

ಮೋರಿ ಬೀಳುವ ಜಾಗದಿಂದ ಇನ್ನೂರು ಹೆಜ್ಜೆ ಕೆಳಗೆ ಅಟೆಂಡರ ಅಕ್ಕನ ನರ್ಸರಿ. ಹೂವು, ಹಣ್ಣು, ನೆರಳಿನ ಗಿಡಗಳ ಸಸಿಗಳನ್ನು ಬೆಳೆದು ಮಾರುವ ಆ ಅಕ್ಕ ತಮ್ಮನಿಗಿಂತ ಆರು ವರ್ಷ ದೊಡ್ಡವರು, ಮಾತಿನಲ್ಲಿ ಅರವತ್ತು ಪಟ್ಟು. ಇಬ್ಬರೂ ನರ್ಸರಿಯ ಹಿಂದಿನ ಎರಡು ಕೋಣೆಯ ಮನೆಯಲ್ಲಿ ವಾಸ. ನಾನು ಮೊದಲ ಸಲ ಹೋದಾಗ ಪುಸ್ತಕ ಇರಬೇಕಾದ ಕಪಾಟಿನಲ್ಲಿ ನೂರಾರು ಬಾಟಲಿಗಳು ಸಾಲಾಗಿ ನಿಂತಿದ್ದವು. ಪ್ರತಿಯೊಂದರ ಕೊರಳಿಗೂ ದಿನಾಂಕ, ಗಂಟೆ, ಮಳೆಯ ಎಷ್ಟನೆಯ ನಿಮಿಷ ಎಂಬ ಚೀಟಿ.

“ನಾನು ಗಿಡ ಸಾಕ್ತೀನಿ, ಇವನು ಬಾಟ್ಲಿ ಸಾಕ್ತಾನೆ,” ಎಂದರು ಅಕ್ಕ. “ನನ್ನವು ಸಾಯ್ತವೆ, ಇವನವು ಬದುಕಿರ್ತವೆ. ಅಷ್ಟೇ ವ್ಯತ್ಯಾಸ.”

“ಸತ್ತಿದ್ದು ಎಲ್ಲವೂ ಅಲ್ಲ ಅಕ್ಕ. ಮೂರರಲ್ಲಿ ಎರಡು.”

“ನೋಡಿದ್ರಾ? ಸಮಾಧಾನ ಮಾಡೋ ರೀತಿ ನೋಡಿದ್ರಾ?”

ಹಳ್ಳಕ್ಕೆ ಪಂಪು ಇಟ್ಟು ಸಸಿಗಳಿಗೆ ನೀರುಣಿಸುವುದು ಅವರ ಮೂವತ್ತು ವರ್ಷಗಳ ರೂಢಿ. ಈಗ ಎರಡು ಮಳೆಗಾಲದಿಂದ ಎಲೆಯಂಚು ಸುಟ್ಟಂತೆ ಕಂದಾಗಿ, ಬೇರು ಲೋಳೆಗಟ್ಟಿ, ಟ್ರೇಗಟ್ಟಲೆ ಸಸಿಗಳು ಬಾಗಿ ಮಲಗುತ್ತಿದ್ದವು. ಅರ್ಧ ಮಡಿಗಳಿಗೆ ಅವರು ಆಗಲೇ ಬೀಜ ಹಾಕುವುದನ್ನು ನಿಲ್ಲಿಸಿದ್ದರು. ಬರುವ ಮಳೆಗಾಲವೂ ಹೀಗೇ ಆದರೆ ಗೇಟಿಗೆ ಬೀಗ ಹಾಕುವುದೆಂದು ನಿರ್ಧಾರವಾಗಿತ್ತು. ಈ ಮಾತನ್ನು ಅವರು ಹಾಸ್ಯವಿಲ್ಲದೆ, ಕೈಯಲ್ಲಿದ್ದ ಸಸಿಯನ್ನು ತಿರುಗಿಸಿ ತಿರುಗಿಸಿ ನೋಡುತ್ತ ಹೇಳಿದರು. ಅಟೆಂಡರು ಕಪಾಟಿನ ಧೂಳು ಒರೆಸಿದರು.

ಅವರ ಅತ್ಯಂತ ವಿಲಕ್ಷಣ ಅಭ್ಯಾಸವನ್ನು ನಾನು ಕಣ್ಣಾರೆ ಕಂಡದ್ದು ಅದರ ಮುಂದಿನ ವಾರ. ಆಕಾಶ ಕಪ್ಪಿಟ್ಟು ಮೊದಲ ಹನಿ ಬಿದ್ದದ್ದೇ ತಡ, ಬೀದಿಯ ಸಮಸ್ತ ಜನಸ್ತೋಮ ತಲೆಯ ಮೇಲೆ ಚೀಲ, ಪತ್ರಿಕೆ, ಸೆರಗು ಹಿಡಿದು ಅಂಗಡಿಗಳ ಸೂರಿನಡಿಗೆ ನುಗ್ಗುತ್ತಿದ್ದರೆ, ಒಬ್ಬ ಮನುಷ್ಯ ಮಾತ್ರ ಸೂರಿನಡಿಯಿಂದ ಹೊರಬಿದ್ದು, ಕೋಟಿನ ಜೇಬುಗಳಲ್ಲಿ ಗಾಜು ಕಿಣಿಕಿಣಿ ಎನ್ನಿಸುತ್ತ, ಜನಪ್ರವಾಹಕ್ಕೆ ಎದುರಾಗಿ ಹಳ್ಳದತ್ತ ಧಾವಿಸುತ್ತಿದ್ದರು. ಧಾವಿಸುವುದೆಂದರೆ ಅದೇ ಟ್ರೇ ಹೊತ್ತ ನಡಿಗೆ, ಎರಡರಷ್ಟು ವೇಗದಲ್ಲಿ. ನನ್ನ ಕುತೂಹಲ ನನ್ನ ನೆಗಡಿಯ ಭಯವನ್ನು ಸೋಲಿಸಿತು. ಛತ್ರಿ ಬಿಚ್ಚಿ ಹಿಂಬಾಲಿಸಿದೆ.

“ಇಷ್ಟು ಅವಸರ ಯಾಕೆ? ಮಳೆ ಇನ್ನೂ ಒಂದು ಗಂಟೆ ಬರೋ ಹಾಗಿದೆ.”

“ತಟ್ಟೆ ತೊಳೀತೀರಾ ಸಾರ್ ಮನೇಲಿ?”

“ಆಗಾಗ,” ಎಂದೆ. ನನ್ನ ಮನೆಯವಳು ಅಲ್ಲಿರಲಿಲ್ಲ.

“ಮೊದಲ ನೀರಲ್ಲಿ ಊಟ ಇರುತ್ತೆ. ಕೊನೇ ನೀರಲ್ಲಿ ಬರೀ ನೀರಿರುತ್ತೆ. ಬೀದೀನೂ ಹಾಗೇ. ಮೊದಲ ಹದಿನೈದು ನಿಮಿಷ ಸಿಕ್ಕಿದ್ರೆ ಸಿಕ್ತು.”

ಮೋರಿಯ ಬಾಯಿಗಿಂತ ಮೇಲೊಂದು ಬಾಟಲಿ, ಕೆಳಗೊಂದು ಬಾಟಲಿ. ತುಂಬಿ, ಒರೆಸಿ, ಗಡಿಯಾರ ನೋಡಿ ಬರೆದರು. ಮೇಲಿನದು ತಿಳಿಗಂದು. ಕೆಳಗಿನದು ಬೂಟ್ ಪಾಲಿಶಿನ ಡಬ್ಬಿ ತೊಳೆದಂತಿತ್ತು. ಮೇಲ್ಗಡೆ ತೆಳುವಾದ ಪದರವೊಂದು ನವಿಲುಬಣ್ಣದಲ್ಲಿ ತಿರುಗುತ್ತಿತ್ತು. “ಎಷ್ಟು ಅಸಹ್ಯ,” ಎಂದು ನಾನು ಉದ್ಗರಿಸಿದೆ. ಅಟೆಂಡರು ಬರೆಯುವುದನ್ನು ನಿಲ್ಲಿಸಿ, “ಅದಕ್ಕೆ ಇಲ್ಲಿ ಜಾಗ ಇಲ್ಲ ಸಾರ್,” ಎಂದು ಚೀಟಿಯನ್ನು ತೋರಿಸಿದರು.

ಊರಿನಲ್ಲಿ ಹಳ್ಳ ಸಂರಕ್ಷಣಾ ಸಮಿತಿಯೊಂದಿತ್ತು. ಸದಸ್ಯರು ಹನ್ನೊಂದು ಮಂದಿ. ಸಭೆಗೆ ಬರುವವರು ಮೂವರು, ನಾನು ಸೇರಿದ ಮೇಲೆ ನಾಲ್ವರು. ಅಧ್ಯಕ್ಷರು ಹಲ್ಲಿನ ಡಾಕ್ಟರು. ಬಾಯಿ ತೆರೆದುಕೊಂಡು ಉತ್ತರಿಸಲಾಗದ ಸ್ಥಿತಿಯಲ್ಲಿರುವವರ ಮುಂದೆಯೇ ಆಯುಷ್ಯವಿಡೀ ಮಾತಾಡಿದವರಾದ್ದರಿಂದ ಅವರ ಭಾಷಣಕ್ಕೆ ವಿರಾಮಚಿಹ್ನೆಗಳಿರಲಿಲ್ಲ. ಹಳ್ಳದ ದಂಡೆಯಲ್ಲಿ ದೊಡ್ಡದೊಂದು ಶುದ್ಧೀಕರಣ ಘಟಕ ಕಟ್ಟಬೇಕೆಂಬುದು ಸಮಿತಿಯ ಐದು ವರ್ಷಗಳ ಬೇಡಿಕೆ. ಅದಕ್ಕೆ ಜಾಗವೂ ಇಲ್ಲ, ಶಕ್ತಿಯೂ ಇಲ್ಲ ಎಂಬುದು ನಗರಸಭೆಯ ಸಿದ್ಧ ಉತ್ತರ. ನಾನು ಬರೆಯುವವನೆಂದು ಗೊತ್ತಾಗಿ ಮುಂದಿನ ಮನವಿಪತ್ರವನ್ನು ನನಗೆ ವಹಿಸಿದರು. ಮೂರು ದಿನ ಕಷ್ಟಪಟ್ಟು ಬರೆದೆ. ‘ಕಣ್ಣೀರ ಕಡಲಾಗಿ ಮೂಕವೇದನೆಯಿಂದ ರೋದಿಸುತ್ತಿರುವ ನಮ್ಮ ಈ ಜೀವದಾಯಿನಿ’ ಎಂದು ಆರಂಭ. ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. ಅಟೆಂಡರು ಕಾಗದವನ್ನು ಮುಂದೆಳೆದುಕೊಂಡು ಪೆನ್ಸಿಲ್ ಹಿಡಿದರು.

“ರೋದಿಸೋದನ್ನ ನೀವು ನೋಡಿದ್ರಾ ಸಾರ್?”

“ಅದು... ಅಲಂಕಾರ.”

“ಎಷ್ಟು ಗಂಟೆಗೆ ಅಂತ ಕೇಳಿದ್ರೆ?”

ಹೀಗೆ ಎರಡು ಪುಟದ ಮನವಿ ಕಡೆಗೆ ಏಳು ಸಾಲಾಯಿತು. ಅದರಲ್ಲಿ ನನ್ನದೆಂದು ಉಳಿದದ್ದು ‘ಇಂತಿ’. ಸತ್ಯ ಹೇಳುವುದಾದರೆ, ನಾನು ಬರೆದದ್ದರಲ್ಲಿ ಉತ್ತರ ಬಂದ ಏಕೈಕ ಕೃತಿ ಅದೇ.

ಉತ್ತರ ಹೀಗಿತ್ತು: ಮೋರಿಯಿಂದ ಹಳ್ಳಕ್ಕೆ ಬೀಳುವ ನೀರಿನ ಮಾದರಿಯನ್ನು ನಗರಸಭೆಯ ಅಧಿಕಾರಿಯ ಸಮ್ಮುಖದಲ್ಲಿ ಸಂಗ್ರಹಿಸಿ, ಅವರ ಸಹಿ ಪಡೆದಿದ್ದರೆ ಮಾತ್ರ ಪರಿಗಣಿಸಲಾಗುವುದು. ಕಪಾಟಿನ ಅಷ್ಟೂ ಬಾಟಲಿಗಳು ಒಂದೇ ವಾಕ್ಯದಲ್ಲಿ ಅನಾಥವಾದವು. ಅಧಿಕಾರಿಯೆಂದರೆ ಕಿರಿಯ ಇಂಜಿನಿಯರ್. ಸೌಮ್ಯ ಸ್ವಭಾವದ, ಹೊಳೆಯುವ ಬೂಟಿನ ಯುವಕ. ಮಳೆ ಬಂದಾಗ ಫೋನ್ ಮಾಡಿದರೆ ಬರುತ್ತಿರಲಿಲ್ಲವೆಂದಲ್ಲ. ಬರುತ್ತಿದ್ದರು, ಮೇಲಧಿಕಾರಿಗೆ ಹೇಳಿ, ಜೀಪಿನ ಚಾಲಕನನ್ನು ಹುಡುಕಿ, ಮಳೆ ತುಸು ಇಳಿದ ಮೇಲೆ, ನಲವತ್ತನೆಯ ನಿಮಿಷಕ್ಕೆ. ಅಷ್ಟು ಹೊತ್ತಿಗೆ ಬೀದಿ ತೊಳೆದು ಮುಗಿದು ಮೋರಿಯ ನೀರು ಸಭ್ಯವಾಗಿರುತ್ತಿತ್ತು.

“ಚೆನ್ನಾಗೇ ಇದೆಯಲ್ಲ,” ಎನ್ನುತ್ತಿದ್ದರು, ಮನಃಪೂರ್ವಕವಾಗಿ.

“ಇದು ಕೊನೇ ನೀರು ಸಾರ್.”

“ನಾನು ನೋಡಿದ್ದಕ್ಕೆ ತಾನೆ ಸಹಿ ಹಾಕೋಕಾಗೋದು?”

ಈ ಮಾತಿಗೆ ಅಟೆಂಡರು ತಲೆದೂಗಿದ್ದನ್ನು ಕಂಡು ಡಾಕ್ಟರು ಹಲ್ಲು ಕಡಿದರು. ಒಂದು ಸಲ, ಮೋಡ ಕವಿದ ಮಧ್ಯಾಹ್ನ, ಇಂಜಿನಿಯರನ್ನು ಕಾಡಿಬೇಡಿ ಎರಡರಿಂದ ಆರರವರೆಗೆ ಸೇತುವೆಯ ಮೇಲೆ ನಿಲ್ಲಿಸಿಕೊಂಡೆವು. ಐದು ಸುತ್ತು ಚಹಾ ಆಯಿತು. ಡಾಕ್ಟರು ಆ ಯುವಕನ ಬಾಯಿ ತೆರೆಸಿ ಒಂದು ಹಲ್ಲು ಹುಳುಕಾಗಿದೆಯೆಂದು ಪತ್ತೆ ಹಚ್ಚಿದರು. ಮೋಡ ಮಾತ್ರ ಪಕ್ಕದ ಊರಿಗೆ ಹೋಗಿ ಸುರಿಯಿತು. ನಮ್ಮೂರಿಗೆ ಅದು ಬಂದದ್ದು ಭಾನುವಾರ.

ಮಳೆಗಾಲ ಮುಗಿಯಿತು; ಬಿಸಿಲು ಏರಿತು. ಅಕ್ಕ ಕೆಲವು ದೊಡ್ಡ ಕುಂಡಗಳನ್ನು ಪರಿಚಯದವರಿಗೆ ಹಂಚತೊಡಗಿದರು. ನನಗೂ ಒಂದು ಸಿಕ್ಕಿತು. ಸಾಕಲು ಬಾರದವನ ಕೈಗೆ ಗಿಡ ಕೊಡುವಷ್ಟು ಅವರು ಕೈಚೆಲ್ಲಿದ್ದಾರೆಂಬುದು ಅದರಿಂದಲೇ ಗೊತ್ತಾಗುತ್ತಿತ್ತು.

ಆಗ ಪತ್ರಿಕೆಯಲ್ಲಿ ಒಂದು ಪ್ರಕಟಣೆ ಬಂತು. ಊರುಗಳ ಸ್ವಚ್ಛತೆಗೆ ಅಂಕ ಕೊಡುವ ಪರಿಶೀಲನಾ ತಂಡವೊಂದು ಬರಲಿದೆ. ಅದರ ಪ್ರಯುಕ್ತ ಗ್ಯಾರೇಜ್ ಬೀದಿಯನ್ನು ಅಗ್ನಿಶಾಮಕ ವಾಹನದ ನೀರಿನಿಂದ, ಆಯುಕ್ತರು ಮತ್ತು ಅಧಿಕಾರಿಗಳ ಸಮ್ಮುಖದಲ್ಲಿ, ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ ತೊಳೆಯಲಾಗುವುದು. ನಾನು ಕೆರಳಿ ಪತ್ರಿಕೆಯನ್ನು ಬೀಸುತ್ತ ನರ್ಸರಿಗೆ ಹೋದೆ. ಬಿರುಬೇಸಿಗೆಯಲ್ಲಿ ನೀರು ಪೋಲು, ಪ್ರತಿಭಟನೆ ಮಾಡಲೇಬೇಕು, ಫಲಕದ ಮೇಲೆ ಬರೆಯಲು ಎರಡು ಪ್ರಾಸಗಳನ್ನೂ ದಾರಿಯಲ್ಲಿ ಹೊಂದಿಸಿಕೊಂಡಿದ್ದೆ. ಅಟೆಂಡರು ಪ್ರಕಟಣೆಯನ್ನು ಎರಡು ಸಲ ಓದಿದರು.

“ಒಂಬತ್ತಕ್ಕೆ ಅಂತ ಇದೆ ಅಲ್ವಾ?”

“ಇದೆ.”

“ಅಧಿಕಾರಿಗಳ ಸಮ್ಮುಖದಲ್ಲಿ.”

“ಹೌದು, ಅದೇ ನಾಚಿಕೆಗೇಡು...”

“ಹಾಗಾದ್ರೆ ಗುರುವಾರ ಒಂಬತ್ತಕ್ಕೆ ಮಳೆ ಇದೆ,” ಎಂದು ಎದ್ದು, ಕಪಾಟಿನಿಂದ ಐದು ಖಾಲಿ ಬಾಟಲಿಗಳನ್ನು ಇಳಿಸಿ, ಬೆಳಕಿಗೆ ಹಿಡಿದು ನೋಡತೊಡಗಿದರು.

ಅರ್ಥವಾಗಲು ನನಗೆ ಒಂದು ನಿಮಿಷ ಬೇಕಾಯಿತು. ಅಕ್ಕನಿಗೆ ತತ್‌ಕ್ಷಣ ಅರ್ಥವಾಗಿ, ಅದರ ಮುಂದಿನದೂ ಹೊಳೆಯಿತು. ಆ ನೀರೆಲ್ಲ ಬರುವುದು ಕೆಳಕ್ಕೆ. ಬೇಸಿಗೆಯ ಬಡಕಲು ಹಳ್ಳದಲ್ಲಿ ಅದು ಎರಡು ದಿನ ಕದಲದೆ ನಿಲ್ಲುತ್ತದೆ. ಅಷ್ಟೂ ಹೊತ್ತು ಪಂಪು ಹಾಕುವಂತಿಲ್ಲ. ಉಳಿದಿರುವ ಸಸಿಗಳೂ ಬಾಡುತ್ತವೆ. ಪ್ರತಿಭಟಿಸಿ ತೊಳೆಯುವುದನ್ನೇ ನಿಲ್ಲಿಸಬಹುದಿತ್ತು.

“ನನ್ನ ಗಿಡಗಳ ತಲೆ ಮೇಲೆ ನಿಂತು ನೀನು ಪ್ರಯೋಗ ಮಾಡ್ತೀಯಾ?” ಎಂದರು ಅಕ್ಕ.

“ನೀನು ಬೇಡ ಅಂದ್ರೆ ಬೇಡ.”

ಅಕ್ಕ ಸಸಿಗಳುಳಿದಿದ್ದ ಮಡಿಗಳನ್ನು ಬೆರಳು ಮಡಚಿ ಎಣಿಸಿದರು. “ಎರಡು ದಿನ ನೀರು?”

“ಮನೆ ನಲ್ಲಿಯಿಂದ ಹೊರ್ತೀನಿ.”

“ಈ ಸೊಂಟದಲ್ಲಿ?”

“ಸಾರ್ ಇದಾರಲ್ಲ,” ಎಂದರು ಅಟೆಂಡರು. ನಾನಿದ್ದೇನೆಂದು ಅಧಿಕೃತವಾಗಿ ಯಾರಾದರೂ ಒಪ್ಪಿಕೊಂಡದ್ದು ಆ ವರ್ಷ ಅದೇ ಮೊದಲು.

ಗುರುವಾರ ಕೆಂಪು ವಾಹನ ಬಂತು. ಆಯುಕ್ತರು ಇಸ್ತ್ರಿ ಮುರಿಯದ ಬಿಳಿಯ ಉಡುಪಿನಲ್ಲಿ ಸೇತುವೆಯ ಮೇಲೆ ನಿಂತರು. ಪಕ್ಕದಲ್ಲಿ ಕಿರಿಯ ಇಂಜಿನಿಯರ್. ನೀರಿನ ಧಾರೆ ಬೀದಿಗೆ ಅಪ್ಪಳಿಸಿತು. ಅಟೆಂಡರು ಆಗಲೇ ಪ್ಯಾಂಟು ಮಡಚಿ ಮೋರಿಯ ಬಾಯಿಯ ಕೆಳಗೆ, ಹಳ್ಳದಲ್ಲಿ ಮೊಣಕಾಲುದ್ದ ನಿಂತಿದ್ದರು. ಮೊದಲು ಒಂದು ನಾಲಿಗೆಯಷ್ಟು ನೀರು ಬಂತು; ಹಿಂದೆಯೇ ದಪ್ಪನಾಗಿ, ಕರ್ರಗೆ, ಎಲೆ, ಚಿಂದಿ, ಬೆಂಕಿಪೊಟ್ಟಣಗಳನ್ನು ಹೊತ್ತುಕೊಂಡು ಇಡೀ ಬೀದಿ ಇಳಿಯಿತು. ವಾಸನೆಗೆ ಆಯುಕ್ತರ ಕರವಸ್ತ್ರ ಮೂಗಿಗೇರಿತು.

“ಸಾರ್, ಒಂಬತ್ತೂ ನಾಲ್ಕು,” ಎಂದು ಕೆಳಗಿನಿಂದ ದನಿ ಬಂತು. “ಒಂದು ಸಹಿ.”

ಇಂಜಿನಿಯರ್ ಬಗ್ಗಿ ನೋಡಿದರು. “ಇದು ಮಳೆ ಅಲ್ಲವಲ್ಲ ಅಟೆಂಡರೇ.”

“ನಿಮ್ಮ ಕಾಗದದಲ್ಲಿ ಮಳೆ ಅಂತಿಲ್ಲ ಸಾರ್. ಮೋರಿಯಿಂದ ಹಳ್ಳಕ್ಕೆ ಬೀಳೋ ನೀರು ಅಂತಿದೆ. ನೀವು ನೋಡ್ತಾ ಇದೀರಾ?”

ಯುವಕ ಆಯುಕ್ತರ ಮುಖ ನೋಡಿದರು, ನೀರು ನೋಡಿದರು. ನೋಡಿದ್ದಕ್ಕೆ ಸಹಿ ಹಾಕುವವರಾದ್ದರಿಂದ ಹೊಳೆಯುವ ಬೂಟಿನಲ್ಲೇ ದಂಡೆಗಿಳಿದು ಬಂದು ಸಹಿ ಹಾಕಿದರು. ಆರೇಳು ನಿಮಿಷಕ್ಕೊಂದರಂತೆ ಐದು ಬಾಟಲಿ. ಅರ್ಧ ಗಂಟೆಯ ನಂತರ ಅಟೆಂಡರು ಅವನ್ನು ಸೇತುವೆಯ ಕಟ್ಟೆಯ ಮೇಲೆ ಸಾಲಾಗಿಟ್ಟರು. ಮೊದಲನೆಯದು ಇದ್ದಲು. ಎರಡನೆಯದು ಅದರ ತಮ್ಮ. ಮೂರನೆಯದರಲ್ಲಿ ಆಚೆಯ ಬೆರಳು ಮಸುಕಾಗಿ ಕಂಡಿತು. ಐದನೆಯದರಲ್ಲಿ ಆಯುಕ್ತರ ಬಿಳಿಯ ಅಂಗಿ ಗುಂಡಿಸಹಿತ ಕಾಣುತ್ತಿತ್ತು.

“ನಾನು ಯಾವಾಗ್ಲೂ ನೋಡ್ತಿದ್ದದ್ದು ಇದನ್ನ,” ಎಂದರು ಇಂಜಿನಿಯರ್ ಮೆಲ್ಲಗೆ, ಕೊನೆಯದನ್ನು ಮುಟ್ಟಿ.

ಆಯುಕ್ತರು ಮೊದಲನೆಯದನ್ನೇ ನೋಡುತ್ತಿದ್ದರು. “ಇದೆಲ್ಲ ಈಗ ಎಲ್ಲಿಗೆ ಹೋಗುತ್ತೆ?”

“ನಮ್ಮನೆಗೆ ಬರುತ್ತೆ,” ಎಂದರು ಅಕ್ಕ, ಜನರ ಹಿಂದಿನಿಂದ. “ನಿಮ್ಮ ಬೀದಿಗೆ ಪೂರ್ತಿ ಅಂಕ ಸಿಗಲಿ. ಅದರ ಕೊಳೆಗೆ ಮಾತ್ರ ನಾನು ಎರಡು ವರ್ಷದಿಂದ ಸಸಿ ಕೊಡ್ತಾ ಇದೀನಿ.”

ಆ ಎರಡು ದಿನ ನಾವು ನೀರು ಹೊತ್ತೆವು. ಅಟೆಂಡರ ಕೊಡದಿಂದ ಒಂದು ಹನಿ ನೆಲಕ್ಕೆ ಬೀಳಲಿಲ್ಲ. ನಾನು ನಡೆದ ದಾರಿಯಲ್ಲಿ ಬೇಕಾದರೆ ಬೀಜ ಬಿತ್ತಬಹುದಿತ್ತು.

ನಗರಸಭೆಯ ಸಾಮಾನ್ಯ ಸಭೆಗೆ ನಮ್ಮನ್ನು ಕರೆಸಿದರು. ಸಹಿಯಿದ್ದ ಬಾಟಲಿಗಳನ್ನು ಕಂಡು ಸಭೆಗೆ ಸಭೆಯೇ ಗಂಭೀರವಾಗಿತ್ತು. ಡಾಕ್ಟರು ಶುದ್ಧೀಕರಣ ಘಟಕದ ಬಗ್ಗೆ ಇಪ್ಪತ್ತು ನಿಮಿಷ ಮಾತಾಡಿ ವಾತಾವರಣವನ್ನು ಹದಕ್ಕೆ ತಂದಿದ್ದರು. ಆಗ ಹಿರಿಯ ಸದಸ್ಯರೊಬ್ಬರು ಅಟೆಂಡರತ್ತ ತಿರುಗಿ ಕೇಳಿದರು: “ಮೋರಿ ನೀರು ಯಾವಾಗ್ಲೂ ಈ ಮೊದಲನೇ ಬಾಟ್ಲಿ ಥರಾನೇ ಇರುತ್ತಾ?”

ಹೌದು ಎಂದರೆ ಮುಗಿಯುತ್ತಿತ್ತು. ನಾನು ಮೇಜಿನಡಿಯಲ್ಲಿ ಅವರ ಕಾಲು ತುಳಿದೆ.

“ಇಲ್ಲ,” ಎಂದರು ಅಟೆಂಡರು. “ಮೊದಲ ಹದಿನೈದು ನಿಮಿಷ ಮಾತ್ರ. ಆಮೇಲೆ ಪರವಾಗಿಲ್ಲ. ಕಂಡಷ್ಟು ಹೇಳ್ದೆ.”

ಡಾಕ್ಟರು ಕಣ್ಣು ಮುಚ್ಚಿಕೊಂಡರು. ಸಭೆಯಲ್ಲಿ ಕುರ್ಚಿಗಳು ಸರಿದವು. ‘ಬರೀ ಹದಿನೈದು ನಿಮಿಷಕ್ಕೆ ಇಷ್ಟೆಲ್ಲಾನಾ’ ಎಂಬ ಗೊಣಗು ಎದ್ದಿತು. ಬಾಗಿಲ ಬಳಿ ಕುಳಿತಿದ್ದ ಅಕ್ಕ ಎದ್ದು ಹೊರಗೆ ಹೋದರು. ತಮ್ಮನ ಪ್ರಾಮಾಣಿಕತೆ ಅಕ್ಕನ ಗೇಟಿಗೆ ಬೀಗ ಹಾಕಿತೆಂದೇ ನಾನು ನಂಬಿದೆ. ಆ ಕ್ಷಣದಲ್ಲಿ ಅವರ ಮೇಲೆ ನನಗೆ ಸಿಟ್ಟೂ ಬಂತೆಂದು ಒಪ್ಪಿಕೊಳ್ಳಬೇಕು. ಅಟೆಂಡರು ಅಂಗೈಗಳನ್ನು ಹೊಟ್ಟೆಯ ಮಟ್ಟಕ್ಕೆ ಹಿಡಿದು ಕುಳಿತೇ ಇದ್ದರು. ಕಿವಿ ಮಾತ್ರ ಕೆಂಪಾಗಿತ್ತು.

ಮೂಲೆಯಲ್ಲಿ ಕಿರಿಯ ಇಂಜಿನಿಯರ್ ಕಾಗದದ ಹಿಂಬದಿಯಲ್ಲಿ ಏನೋ ಗುಣಿಸುತ್ತಿದ್ದರು. ಎದ್ದು ನಿಂತು, ಗಂಟಲು ಸರಿಮಾಡಿಕೊಂಡರು.

“ಸಾರ್, ಹದಿನೈದೇ ನಿಮಿಷ ಅಂತಾದ್ರೆ ಅಷ್ಟು ದೊಡ್ಡ ಘಟಕ ಬೇಕಾಗಿಲ್ಲ. ಆ ಮೊದಲ ನೀರನ್ನ ಮಾತ್ರ ಹಿಡಿದು ನಿಲ್ಲಿಸೋ ಗುಂಡಿ ಸಾಕು. ಎಣ್ಣೆ ಮೇಲೆ ತೇಲುತ್ತೆ, ಮಣ್ಣು ತಳಕ್ಕೆ ಕೂರುತ್ತೆ, ನಡುವಿನದು ಹೊರಗೆ ಹೋಗುತ್ತೆ. ಗುಂಡಿ ತುಂಬಿದ ಮೇಲೆ ಬರೋ ನೀರು ನೇರವಾಗಿ ಹಳ್ಳಕ್ಕೆ ಹೋದ್ರೆ ತೊಂದರೆ ಇಲ್ಲ. ಸೇತುವೆ ಪಕ್ಕದ ನಮ್ಮ ಹಳೇ ಶೆಡ್ಡಿನ ಜಾಗದಲ್ಲಿ ಹಿಡಿಸುತ್ತೆ.”

ಐದು ವರ್ಷದಿಂದ ಅಸಾಧ್ಯವಾಗಿದ್ದುದು ಒಂದು ಶೆಡ್ಡಿನಷ್ಟು ಚಿಕ್ಕದಾದಾಗ, ಬೇಡವೆನ್ನಲು ಯಾರಿಗೂ ಕಾರಣ ಸಿಗಲಿಲ್ಲ. ಗುಂಡಿಯನ್ನು ಮಳೆಗಾಲದೊಳಗೆ ಕಟ್ಟುವುದು, ಗ್ಯಾರೇಜುಗಳು ಬಳಸಿದ ಎಣ್ಣೆಯನ್ನು ಪೀಪಾಯಿಗಳಲ್ಲಿ ಕೂಡಿಡುವುದು ಎಂದು ಠರಾವಾಯಿತು. ಹೊರಗೆ ಮೆಟ್ಟಿಲ ಮೇಲೆ ಕುಳಿತಿದ್ದ ಅಕ್ಕನಿಗೆ ಸುದ್ದಿ ಹೇಳಲು ಓಡಿದವನು ನಾನು. ಅವರು ಪೂರ್ತಿ ಕೇಳಿಸಿಕೊಂಡು, “ಅವನಿಗೆ ಸುಳ್ಳು ಹೇಳೋಕೆ ಬರಲ್ಲ ಅಂತ ನಂಗೆ ಗೊತ್ತಿತ್ತು, ಅದು ಉಪಯೋಗಕ್ಕೆ ಬರುತ್ತೆ ಅಂತ ಗೊತ್ತಿರಲಿಲ್ಲ,” ಎಂದರು.

ಇಂಥವರ ಜಾತಿಯೇ ಬೇರೆ. ಸಾರ್ವಜನಿಕ ಕೆಲಸಕ್ಕೆ ನಮ್ಮಲ್ಲಿ ಆವೇಶದ ಕೊರತೆ ಎಂದೂ ಇದ್ದಂತಿಲ್ಲ. ಹಳ್ಳಕ್ಕಾಗಿ ಕಣ್ಣೀರಿಡಲು ನಾನಿದ್ದೆ, ಗುಡುಗಲು ಡಾಕ್ಟರಿದ್ದರು, ನಾವಿಬ್ಬರೂ ನಮ್ಮ ನಮ್ಮ ದನಿಗೆ ತುಸು ಮರುಳಾಗಿಯೇ ಇದ್ದೆವು. ಇವರಂಥವರು ಸಭೆಯ ಫೋಟೋದಲ್ಲಿ ಅರ್ಧ ಕತ್ತರಿಸಿಹೋಗಿರುತ್ತಾರೆ. ಬಾಟಲಿ ಹಿಡಿದ ಕೈಯೊಂದು ಉಳಿದಿದ್ದರೆ ಹೆಚ್ಚು. ಎಲ್ಲರೂ ಒಳಗೋಡುವ ಹೊತ್ತಿನಲ್ಲಿ ಹೊರಗೋಡಿ, ಬಗ್ಗಿ, ಗಡಿಯಾರ ನೋಡಿ, ಕಂಡದ್ದಕ್ಕಿಂತ ಒಂದು ಹನಿ ಹೆಚ್ಚಾಗಲಿ ಕಡಮೆಯಾಗಲಿ ಬರೆಯದೆ ಮನೆಗೆ ಹೋಗುವ ಈ ಜನ, ತಮ್ಮ ಪಕ್ಷವನ್ನು ಗೆಲ್ಲಿಸಲಿಕ್ಕೂ ಕಂಡದ್ದನ್ನು ಬಗ್ಗಿಸಲಾರರು. ಅದರಿಂದ ಜೊತೆಗಾರರಿಗೆ ಆಗುವ ಎದೆನೋವು ಅಷ್ಟಿಷ್ಟಲ್ಲ. ಆದರೂ ಎದುರಾಳಿಗಳು ಕಡೆಗೆ ಯಾರ ಮಾತು ನಂಬುತ್ತಾರೆಂದು ನೋಡಿದರೆ, ಇವರದೇ.

ಗುಂಡಿ ಸಿದ್ಧವಾದ ಹನ್ನೆರಡನೆಯ ದಿನ ಮೊದಲ ಮಳೆ ಬಂತು. ನಾನು ಛತ್ರಿ ಹಿಡಿದು ತಲುಪುವಷ್ಟರಲ್ಲಿ ಅಟೆಂಡರು ಹಳ್ಳದಲ್ಲಿದ್ದರು. ಏಳನೆಯ ನಿಮಿಷಕ್ಕೆ ಇಂಜಿನಿಯರ್, ಜೀಪಿಲ್ಲದೆ, ತೊಯ್ದು ತೊಪ್ಪೆಯಾಗಿ ಓಡಿಬಂದರು. ಗುಂಡಿಯ ಮೊದಲ ಕೋಣೆಯಲ್ಲಿ ಕರಿಯ ನೀರು ಸುತ್ತುತ್ತಿತ್ತು. ಹೊರಗಿನ ಕೊಳವೆಯಿಂದ ಬೀಳುತ್ತಿದ್ದುದು ಬೇರೆಯೇ ನೀರು. ಮೇಲಿನದೊಂದು, ಕೆಳಗಿನದೊಂದು ಬಾಟಲಿಯನ್ನು ಅಟೆಂಡರು ಎತ್ತಿ ಹಿಡಿದರು. ಚೀಟಿ ನೋಡದೆ ಯಾವುದು ಯಾವುದೆಂದು ನನಗೆ ಹೇಳಲಾಗಲಿಲ್ಲ. ಇಂಜಿನಿಯರ್ ತಾವೇ ಕೈಚಾಚಿ ಸಹಿ ಹಾಕಿದರು. ಕೆಳಗೆ ಗೇಟಿನ ಬಳಿ ನಿಂತು ನೋಡುತ್ತಿದ್ದ ಅಕ್ಕ ಒಳಗೆ ಹೋದರು. ಸ್ವಲ್ಪ ಹೊತ್ತಿಗೆ, ಮಳೆಯ ಸದ್ದಿನ ನಡುವೆ, ಸಸಿಗಳ ತೊಟ್ಟಿಗೆ ನೀರೆಳೆಯುವ ಪಂಪು ಶುರುವಾದದ್ದು ಕೇಳಿಸಿತು.

ಅಟೆಂಡರು ತಲೆಯೆತ್ತಿ ಆ ಸದ್ದನ್ನು ಆಲಿಸಿದರು. ಮೂಗಿನ ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಮುಖದಲ್ಲಿ ಏನಾದರೂ ಕಂಡೀತೇ ಎಂದು ನಾನು ಛತ್ರಿ ಅತ್ತ ಹಿಡಿದು ಕೇಳಿದೆ:

“ಈಗಲಾದ್ರೂ ಸಂತೋಷ ಆಯ್ತಾ?”

“ಒಂದೇ ಮಳೆ ತಾನೆ ಸಾರ್ ಆಗಿರೋದು,” ಎಂದರು, ಮುಚ್ಚಳ ಬಿಗಿಮಾಡುತ್ತ. “ಸಂತೋಷಕ್ಕೆ ಇನ್ನೆರಡು ಸ್ಯಾಂಪಲ್ ಬೇಕು.”